ಪಕ್ಕದ ಮನೆಯ ಜಿರಲೆಗಳು

ಘಾನಾದ ಕುಮಾಸಿಯ ಓಣಿಗಳಲ್ಲಿ ಜಿರಲೆ ಕೊಲ್ಲುವ ಕಸುಬಿನ ಅಬ್ರಫಿಯನ್ನು ಜಿರಲೆಯವಳೆಂದು ಯಾರೂ ಕರೆಯುತ್ತಿರಲಿಲ್ಲ. ಕರೆದರೆ ಕರೆಸಿಕೊಂಡ ಮನೆಯ ಮಾನ ಹೋಗುತ್ತಿತ್ತು. ಹಾಗಾಗಿ ಇಪ್ಪತ್ತು ವರ್ಷಗಳಿಂದ ಅವಳು ಹೊಲಿಗೆ ಯಂತ್ರದ ಹಳೆಯ ಪೆಟ್ಟಿಗೆಯಲ್ಲಿ ಟಾರ್ಚನ್ನೂ, ಬೋರಿಕ್ ಪುಡಿ ಮತ್ತು ಸಕ್ಕರೆ ಬೆರೆಸಿದ ಹಿಟ್ಟಿನ ಉಂಡೆಗಳನ್ನೂ ಹೊತ್ತು ತಿರುಗುತ್ತಿದ್ದಳು. ಕಪಾಟು ತೆರೆದು ಒಮ್ಮೆ ಮೂಸಿದರೆ ಸಾಕು, ಚರಂಡಿಯಿಂದ ಬಂದ ದೊಡ್ಡ ಕೆಂಪು ಜಾತಿಯೋ, ಒಲೆಯ ಹಿಂದೆ ಸಂಸಾರ ಹೂಡಿದ ಸಣ್ಣ ಕಂದು ಜಾತಿಯೋ ಹೇಳಿಬಿಡುತ್ತಿದ್ದಳು.

"ಹುಟ್ಟೋ ಮೊಮ್ಮಗುವಿಗೆ ಹೆಸರಿಡೋ ದಿನ ಒಂದೇ ಒಂದು ಜಿರಲೆ ಮೀಸೆ ಕಾಣಿಸಬಾರದು ಕಣೇ," ಎಂದಿದ್ದಳು ಐದು ಕೋಣೆಗಳ ಅಂಗಳದ ಮನೆಯೊಂದರ ಕೊನಾಡು. "ಕಂಡರೆ ಚರ್ಚಿನ ಹೆಂಗಸರಿಗೆಲ್ಲ ನಿನ್ನ ಗುಣಗಾನ ಮಾಡ್ತೀನಿ."

ಅಬ್ರಫಿ ಮಾತು ಕೊಟ್ಟಿದ್ದಳು. ಆದರೆ ಎರಡು ಸಲ ಉಂಡೆ ಇಟ್ಟರೂ ಜಿರಲೆ ಹೆಚ್ಚಿದವೇ ಹೊರತು ಕಡಿಮೆಯಾಗಲಿಲ್ಲ.

"ನಮ್ಮವಲ್ಲ, ಪೊಕುವಾ ಕೋಣೆಯವು," ಎಂದಳು ಕೊನಾಡು. ಅದೇ ಅಂಗಳದ ಎದುರು ಕೋಣೆಯ ಪೊಕುವಾ ಅಬ್ರಫಿಯನ್ನು ಗುಟ್ಟಾಗಿ ಕರೆಸಿ, "ಎಲ್ಲಾ ಕೊನಾಡುವವು," ಎಂದಿದ್ದಳು. ಇನ್ನೆರಡು ಕೋಣೆಗಳ ಹೆಂಗಸರೂ ಹಾಗೆಯೇ ಕರೆಸಿ ಪಕ್ಕದವರತ್ತ ಬೆರಳು ತೋರಿದ್ದರು, ಬೇರೆ ಬೇರೆ ದಿನ. ತನ್ನ ಕೋಣೆಯ ಜಿರಲೆ ಅಬ್ರಫಿಯ ಕಣ್ಣಿಗೆ ಬೀಳಬಾರದೆಂದು ಒಬ್ಬೊಬ್ಬಳೂ ಅವಳು ಬರುವ ಮುನ್ನ ಡಬ್ಬಿಯ ಔಷಧಿ ಹೊಡೆಯುತ್ತಿದ್ದಳು. ಜಿರಲೆಗಳು ಗೋಡೆಯ ಬಿರುಕು ದಾಟಿ ಪಕ್ಕದ ಕೋಣೆಗೆ ನೆಂಟರಾಗಿ ಹೋಗುತ್ತಿದ್ದವು.

ಮಗು ಹುಟ್ಟಿದ ಮರುದಿನ ಬೆಳಿಗ್ಗೆ ಅಬ್ರಫಿ ಬಂದಾಗ ಮನೆಯ ಹಿರಿಯ ಡೊಂಕೋರ್ ಅಜ್ಜ ಅಂಗಳದಲ್ಲೇ ಕೂತಿದ್ದ. ನೀರು ಬಂತು. ಕುಡಿದಳು. ಇನ್ನು ಪದ್ಧತಿಯಂತೆ ಬಂದ ಕಾರ್ಯ ಹೇಳಬೇಕು. ನೀರು ಕುಡಿದ ಬಾಯಲ್ಲಿ ಸುಳ್ಳಾಡುವುದು ಅವಳಿಂದಾಗದು.

"ಇಲ್ಲೆಲ್ಲ ಕ್ಷೇಮ. ಏನು ಬಂದೆಯಮ್ಮಾ?" ಎಂದು ಅಜ್ಜ ಕೇಳಿದ.

ನಾಲ್ಕೂ ಹೊಸ್ತಿಲಲ್ಲಿ ನಾಲ್ವರು ನಿಂತಿದ್ದರು. ಕೊನಾಡು ಬಾಯಿ ಹಾಕಿದಳು: "ಹೊಲಿಗೆ ಮಿಷನ್ನು ರಿಪೇರಿಗೆ, ಅಜ್ಜ."

"ನಿನ್ನ ಹತ್ತಿರ ಮಿಷನ್ ಎಲ್ಲಿದೆಯೇ? ಅವಳು ಹೇಳಲಿ ಬಿಡು."

ಅಬ್ರಫಿ ಮನಸ್ಸಿನಲ್ಲೇ ದೇವರನ್ನು ನೆನೆದಳು. "ಜಿರಲೆಗೆ, ಅಜ್ಜ."

"ಯಾರ ಮನೆಯವು?"

"ಎಲ್ಲರೂ ಪಕ್ಕದ ಮನೆಯವು ಅಂತಾರೆ."

ಪೊಕುವಾ ಕಿಸಕ್ಕೆಂದಳು. ಅಜ್ಜ ಕೆಮ್ಮಿ, ದನಿ ತಗ್ಗಿಸಿ, "ನನ್ನ ಕೋಣೆಗೂ ಬಾ. ಬೈಬಲ್ಲಿನ ಅಂಚು ತಿಂತಿವೆ. ಅವೂ ಪಕ್ಕದವರವೇ," ಎಂದ.

ಔಷಧಿ ಡಬ್ಬಿಗಳನ್ನೆಲ್ಲ ಅಬ್ರಫಿ ಕಸಿದು ಪೆಟ್ಟಿಗೆಗೆ ಹಾಕಿಕೊಂಡಳು. ಒಂದೇ ದಿನ ಐದೂ ಕೋಣೆಗಳಲ್ಲಿ ಉಂಡೆ ಇಟ್ಟು, ಬಿರುಕುಗಳನ್ನು ಮುಚ್ಚಿದಳು.

ಎಂಟನೆಯ ದಿನ ಅಜ್ಜ ಮಗುವಿನ ನಾಲಿಗೆಗೆ ನೀರು ಮುಟ್ಟಿಸಿ ಹೆಸರು ಹೇಳಿದ. ಒಂದು ಮೀಸೆಯೂ ಯಾರಿಗೂ ಕಾಣಲಿಲ್ಲ. ಎಲ್ಲರೂ ಊಟಕ್ಕೆ ಎದ್ದರೂ ಅಬ್ರಫಿ ಕುಳಿತೇ ಇದ್ದಳು.

"ಏಳೇ, ಫುಫು ಮುದ್ದೆ ಆರತ್ತೆ," ಎಂದಳು ಕೊನಾಡು.

"ನೀವು ಶುರು ಮಾಡಿ ತಾಯಿ," ಎಂದಳು ಅಬ್ರಫಿ, ಚಪ್ಪಲಿಯಡಿ ಮಿಸುಕುತ್ತಿದ್ದುದನ್ನು ನೆಲಕ್ಕೆ ಇನ್ನಷ್ಟು ಒತ್ತಿ ಹಿಡಿದು. "ನನ್ನ ಕಾಲಿಗೆ ಸ್ವಲ್ಪ ಕೆಲಸ ಇದೆ."