ತಂಗಿಯ ಜಾಗದಲ್ಲಿ ಯಾರೂ ಇರಲಿಲ್ಲ

ನನ್ನ ತಂಗಿಯ ಗಂಡ ಮಗ್ಗದ ಗುಂಡಿಯಲ್ಲೇ ಸತ್ತ. ಮಧ್ಯಾಹ್ನ ನೇಯುತ್ತ ಕೂತವನು ಸೀರೆಯ ಮೇಲೆ ತಲೆ ಇಟ್ಟ, ಮತ್ತೆ ಎತ್ತಲಿಲ್ಲ. ಆಯಾಸಕ್ಕೆ ಒರಗಿದ್ದಾನೆ ಅಂದುಕೊಂಡು ನನ್ನ ತಂಗಿ ಪಕ್ಕದಲ್ಲೇ ಲಾಳಿ ಹಿಡಿದು ಕಾದಿದ್ದಳಂತೆ. ಎಷ್ಟು ಹೊತ್ತು ಕಾದೆ ಎಂದು ಯಾರು ಕೇಳಿದರೂ ಹೇಳಲಿಲ್ಲ.

ಅವಳು ಅಳಲಿಲ್ಲ. ಹನ್ನೊಂದನೆಯ ದಿನಕ್ಕೆ ಬಂದವರೆಲ್ಲ ಅದನ್ನು ನೋಡಿ ಗಟ್ಟಿ ಹೆಂಗಸು ಅಂದರು. ನಾನೂ ಅಂದೆ. ಮೊಳಕಾಲ್ಮೂರಿನಿಂದ ತಿರುಗಿ ನಮ್ಮೂರು ಚಳ್ಳಕೆರೆಯ ಬಸ್ಸು ಹತ್ತುವ ಮುಂಚೆ ಬುದ್ಧಿ ಬೇರೆ ಹೇಳಿದೆ.

"ಸುಮ್ನೆ ಕೂರಬ್ಯಾಡ. ಮಗ್ಗಕ್ಕೆ ಕೂರು. ಕೈಗೆ ಕೆಲಸ ಇದ್ರೆ ಎಲ್ಲ ಹಗುರಾಗ್ತೈತೆ."

"ಆತು," ಅಂದಳು.

ಹಾಗೆ ಹೇಳಿದ್ದು ನನ್ನ ತಪ್ಪು. ನನ್ನ ಗಂಡ ಸತ್ತಾಗ ನಾನು ಉಣ್ಣೆ ನೂತು ಉಳಿದುಕೊಂಡಿದ್ದೆ, ಅವಳೂ ಹಾಗೇ ಉಳಿಯುತ್ತಾಳೆ ಅಂದುಕೊಂಡೆ. ನಮ್ಮವರು ಕಂಬಳಿ ನೇಯುವ ಜನ. ತಂಗಿಯ ಗಂಡ ಮಾತ್ರ ಮೊಳಕಾಲ್ಮೂರು ಸೇರಿ ರೇಷ್ಮೆ ಸೀರೆ ನೇಯಲು ಕಲಿತಿದ್ದ. ಆ ಸೀರೆಗೆ ಒಡಲು ಒಂದು ಬಣ್ಣ, ಅಂಚು ಒಂದು ಬಣ್ಣ. ಒಬ್ಬರಿಂದ ಆಗುವ ಕೆಲಸವಲ್ಲ. ನೇಯುವವನು ಗುಂಡಿಯಲ್ಲಿ ಕಾಲಿಟ್ಟು ಕೂರುತ್ತಾನೆ, ಇನ್ನೊಬ್ಬರು ಅವನ ಬಲಕ್ಕೆ ಅಂಚಿನ ಹತ್ತಿರ ಕೂರುತ್ತಾರೆ. ಅವನು ಎಸೆದ ಲಾಳಿಯನ್ನು ಇವರು ಹಿಡಿದು, ಅಂಚಿನ ನೂಲಿಗೆ ಸಿಕ್ಕಿಸಿ ತಿರುಗಿ ಕಳಿಸಬೇಕು. ಮದುವೆಯಾದಾಗಿನಿಂದ ಆ ಬಲಗಡೆಯ ಜಾಗ ನನ್ನ ತಂಗಿಯದು.

ಒಂದು ತಿಂಗಳಾದ ಮೇಲೆ ಅವಳ ಮಗಳು ಫೋನ್ ಮಾಡಿದಳು. ರಾಂಪುರಕ್ಕೆ ಕೊಟ್ಟಿರುವ ಹುಡುಗಿ, ದಿನ ಬಿಟ್ಟು ದಿನ ತಾಯಿಯನ್ನು ನೋಡಲು ಬಂದು ಹೋಗುತ್ತಿದ್ದಳು.

"ದೊಡ್ಡವ್ವ, ಅವ್ವ ಅಪ್ಪನ ಹಂಗೆ ಕೆಮ್ತಾಳೆ."

"ನೂಲಿನ ಧೂಳಿಗೆ ಕೆಮ್ಮು ಬಂದಿರ್ತೈತೆ. ಶುಂಠಿ ಕಷಾಯ ಕೊಡು."

"ಧೂಳಿನ ಕೆಮ್ಮಲ್ಲ ದೊಡ್ಡವ್ವ. ಅಪ್ಪನ ಹಂಗೇ ಕೆಮ್ತಾಳೆ. ನೀನು ಬಾ."

ಹೋದೆ. ಬಿಸಿಲು ನೆತ್ತಿಗೆ ಬಂದಿತ್ತು, ಕೇರಿಯಲ್ಲಿ ನಾಯಿಯೂ ಇರಲಿಲ್ಲ. ತಂಗಿಯ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಪಕ್ಕದ ಮನೆಯ ತೆಲುಗಿನ ಮುದುಕಿ ಬಾಗಿಲಲ್ಲೇ ಹಿಡಿದುಕೊಂಡಳು.

"ನಿನ್ ತಂಗಿ ಭಾರಿ ಗಟ್ಟಿ ಅಮ್ಮಾ! ಒಂದು ದಿನ ಮಗ್ಗ ನಿಲ್ಸಿಲ್ಲ."

ಸದ್ದನ್ನು ಕಿವಿಗೊಟ್ಟು ಕೇಳಿದೆ. ಲಾಳಿ ಸರ್ರೆಂದು ಹೋಗುತ್ತಿತ್ತು. ಆಮೇಲೆ ನಿಶ್ಶಬ್ದ. ಯಾರೋ ಉಸಿರು ಬಿಗಿ ಹಿಡಿದು ಏನಕ್ಕೋ ಕಾಯುವಷ್ಟು ಹೊತ್ತು. ಆಮೇಲೆ ನೂಲು ಕೂರಿಸುವ ಹಲಗೆ ಬಡಿಯುತ್ತಿತ್ತು. ನಡುವೆ ಕೆಮ್ಮು ಬಂತು. ಮೂರು ಸಲ ಕೆಮ್ಮಿ ಕೊನೆಗೊಂದು ಸಲ ಗಂಟಲು ಕೆರೆಯುವ ಕೆಮ್ಮು. ಆ ಕೆಮ್ಮನ್ನು ನಾನು ಮೂವತ್ತು ವರ್ಷ ಕೇಳಿದ್ದೆ.

ಒಳಗೆ ಗಂಡನ ಜಾಗದಲ್ಲಿ ತಂಗಿ ಕೂತಿದ್ದಳು. ಹೆಗಲಿಗೆ ಅವನ ಟವೆಲು, ಕೆನ್ನೆಯಲ್ಲಿ ಅವನು ಹಾಕುತ್ತಿದ್ದ ಹೊಗೆಸೊಪ್ಪು. ಅವಳು ಹುಟ್ಟಿದಾಗಿನಿಂದ ಹೊಗೆಸೊಪ್ಪು ಮುಟ್ಟಿದವಳಲ್ಲ. ಬಲಗಡೆ ಅವಳ ಜಾಗ ಖಾಲಿ, ಅಲ್ಲಿ ಮಣೆ ಮಾತ್ರ ಇತ್ತು. ಲಾಳಿಯನ್ನು ಆ ಖಾಲಿ ಜಾಗಕ್ಕೆ ಎಸೆದು, ಕಾದು, ಕೊನೆಗೆ ತಾನೇ ಬಗ್ಗಿ ತೆಗೆದುಕೊಳ್ಳುತ್ತಿದ್ದಳು.

ನನ್ನನ್ನು ನೋಡಿ ಮುಖ ಅರಳಿಸಿದಳು. "ಬರ್ರಿ ಅಕ್ಕಾರೆ, ಕೂತ್ಕಳ್ರಿ. ಅವಳು ನೀರಿಗೆ ಹೋಗ್ಯಾಳೆ, ಈಗ ಬರ್ತಾಳೆ."

ನನ್ನ ತಂಗಿ ನನಗೆ ಯಾವತ್ತೂ 'ರಿ' ಹಚ್ಚಿ ಮಾತಾಡಿದವಳಲ್ಲ. ಹಾಗೆ ಮಾತಾಡಿಸುತ್ತಿದ್ದವನು ಅವಳ ಗಂಡ.

"ಊಟ ಆತೇನೇ?" ಅಂದೆ.

"ಅವಳು ಬಂದು ಇಕ್ತಾಳೆ ಬಿಡ್ರಿ."

ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಸನ್ನೆ ಮಾಡಿ ಕರೆದಳು. ತಾನು ಬಂದ ದಿನ ಬಾಯಿಗೆ ತುರುಕಿದರೆ ನಾಲ್ಕು ತುತ್ತು, ಇಲ್ಲದ ದಿನ ಅದೂ ಇಲ್ಲ ಅಂದಳು. ಬಡಿಸಬೇಕಾದ ಹೆಂಡತಿ ನೀರಿಗೆ ಹೋಗಿದ್ದಾಳಲ್ಲ, ಅವಳು ಬರುವ ತನಕ ಉಣ್ಣುವುದಿಲ್ಲ. ತಂಗಿಯ ಕೈ ನೋಡಿದೆ. ಬಳೆ ಇದ್ದಿದ್ದರೆ ಮೊಣಕೈ ದಾಟಿ ಹೋಗುವಷ್ಟು ಸಣ್ಣಗಾಗಿತ್ತು.

ನೇಯ್ದ ಸೀರೆ ನೋಡಿದೆ. ಬೆಳೆದಿತ್ತು, ಇಲ್ಲವೆಂದಲ್ಲ. ಆದರೆ ಲಾಳಿ ಸಿಕ್ಕಿಸುವವರಿಲ್ಲದೆ ಒಡಲಿಗೂ ಅಂಚಿಗೂ ಕೂಡಿಕೆಯೇ ಬಿದ್ದಿರಲಿಲ್ಲ. ನಡುವೆ ಸೀಳು. ಬೆರಳು ತೂರಿಸಿದೆ, ಕೆಳಗೆ ಗುಂಡಿಯ ತಂಪು ಬೆರಳಿಗೆ ತಾಗಿತು. ಅವನು ತಲೆ ಇಟ್ಟ ಜಾಗದಿಂದ ಶುರುವಾಗಿ ಒಂದೂವರೆ ಮೊಳ ಸೀಳು. ಬೀದಿಯಲ್ಲಿ ನಿಂತವರಿಗೆ ಸದ್ದು ಮಾತ್ರ ಕೇಳಿಸುತ್ತಿತ್ತು.

ಸಂಜೆಗೆ ಅವಳ ಗಂಡನ ಅಣ್ಣ ಬಂದ.

"ತಮ್ಮ ಮೈಮೇಲೆ ಬಂದಾನೆ. ಗಾಳಿ ಬಿಡ್ಸೋರ ಹತ್ರ ಮಾತಾಡೀನಿ. ನಾಳೆ ಮಧ್ಯಾಹ್ನ ಕರ್ಕೊಂಡು ಹೋಗ್ತೀವಿ."

"ಹೊಡೀತಾರಾ?"

"ಗಾಳಿಗೆ ಹೊಡೀತಾರೆ, ಅವಳಿಗಲ್ಲ."

"ಗಾಳಿಗೆ ಬೆನ್ನು ಐತೇನಪ್ಪಾ, ಬಾಸುಂಡೆ ಬರಾಕೆ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ನಮ್ಮ ಕೇರಿಯಲ್ಲಿ ಹಾಗೆ ಹುಣಸೆ ಬರಲಿನ ಏಟು ತಿಂದ ಒಬ್ಬಳನ್ನು ನಾನು ನೋಡಿದ್ದೇನೆ. ಅನ್ನವಿಲ್ಲದ ಈ ಮೈ ಅದನ್ನು ತಡೆಯುವುದಿಲ್ಲ.

ಬೆಳಿಗ್ಗೆ ಜಗಲಿಯ ಮೇಲೆ ಕೂತು, ನನ್ನನ್ನು ಉಳಿಸಿದ ಕೆಲಸ ಇವಳನ್ನು ಯಾಕೆ ತಿನ್ನುತ್ತಿದೆ ಎಂದು ಯೋಚಿಸಿದೆ. ನಾನು ನೂಲುವಾಗ ಸುತ್ತ ಆರು ಹೆಂಗಸರಿರುತ್ತಿದ್ದರು. ಸತ್ತ ಗಂಡನನ್ನು ಬೈಯುತ್ತಿದ್ದೆ, ಅಳುತ್ತಿದ್ದೆ, ಮೂಗು ಒರೆಸಿಕೊಂಡು ಮತ್ತೆ ನೂಲುತ್ತಿದ್ದೆ, ಹಸಿವಾದರೆ ಎದ್ದು ರೊಟ್ಟಿ ತಿನ್ನುತ್ತಿದ್ದೆ. ಗಂಡ ಸತ್ತವಳು ಅಲ್ಲಿ ಕೂತಿದ್ದಳು. ಇಲ್ಲಿ ಅವಳೇ ಇಲ್ಲ. ಗಂಡ ಮಗ್ಗದಲ್ಲಿದ್ದಾನೆ, ಹೆಂಡತಿ ನೀರಿಗೆ ಹೋಗಿದ್ದಾಳೆ, ಅಳುವವರು ಯಾರು? ಇಷ್ಟು ದಿನ ನಾವು ಗಟ್ಟಿ ಅಂದದ್ದು ಇದಕ್ಕೆ.

ಒಳಗೆ ಹೋಗಿ ಅವಳ ಖಾಲಿ ಮಣೆಯ ಮೇಲೆ ಕೂತೆ.

ಲಾಳಿ ಬಂತು. ಹಿಡಿದುಕೊಂಡೆ, ತಿರುಗಿ ಕಳಿಸಲಿಲ್ಲ. ಅವಳು ಕಾದಳು. ಕೆಮ್ಮಿದಳು, ಮೂರು ಸಲ, ಆಮೇಲೊಂದು ಸಲ.

"ಕಳ್ಸೇ," ಅಂದಳು. ದನಿ ದಪ್ಪಗಿತ್ತು. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಲಾಳಿಯನ್ನು ಮಡಿಲಿಗೆ ಒತ್ತಿ ಹಿಡಿದೆ.

"ಕಳ್ಸಲ್ಲ. ಇದು ನನ್ನ ಜಾಗ ಅಲ್ಲ. ಈ ಜಾಗದೋಳು ಬಂದು ತಗಳ್ಳಲಿ."

"ಅವಳು ನೀರಿಗೆ ಹೋಗ್ಯಾಳೆ."

"ತಿಂಗಳಾತು. ಯಾವ ಬಾವಿಗೆ ಹೋದ್ಲು? ಬಿದ್ದು ಸತ್ಲಾ? ಎದ್ದು ನೋಡ್ಬಾರ್ದಾ?"

ಬೀದಿಯಲ್ಲಿ ಸೊಪ್ಪು ಮಾರುವವಳು ಕೂಗಿಕೊಂಡು ಹೋದಳು. ಗೋಡೆಯ ಬಿಸಿಲು ಒಂದು ಗೇಣು ಇಳಿಯುವ ತನಕ ಮಗ್ಗ ನಿಂತಿತ್ತು. ಆಮೇಲೆ ಅವಳು ಗುಂಡಿಯಿಂದ ಕಾಲು ಎತ್ತಿ ಮೇಲೆ ಬಂದಳು. ನಾನು ಮಣೆ ಬಿಟ್ಟೆ. ಅವಳು ತನ್ನ ಜಾಗದಲ್ಲಿ ಕೂತು ಕೈ ಚಾಚಿದಳು, ಲಾಳಿ ಕೊಟ್ಟೆ. ಎಡಕ್ಕೆ ತಿರುಗಿ ಗುಂಡಿ ನೋಡಿದಳು.

ಅಲ್ಲಿ ಯಾರೂ ಇರಲಿಲ್ಲ.

ಅವಳು ಕಿರುಚಿದ ರೀತಿಗೆ ನನ್ನ ಎದೆ ಒಡೆದು ಹೋಯಿತು ಅನ್ನಿಸಿತು. ಕೇರಿಯೇ ಓಡಿ ಬಂತು. ಲಾಳಿ ಎಸೆದಳು, ಹಣೆ ಚಚ್ಚಿಕೊಂಡಳು, ಅವನನ್ನು ಬಾಯಿಗೆ ಬಂದಂತೆ ಬೈದಳು. "ಹೇಳ್ದೆ ಹೋದ್ಯಲ್ಲೋ, ಪಕ್ಕದಾಗೇ ಇದ್ದೆನಲ್ಲೋ!"

ತೆಲುಗಿನ ಮುದುಕಿ ಬಾಯಿ ಮೇಲೆ ಕೈ ಇಟ್ಟಳು. "ಅಯ್ಯೋ, ಪಿಚ್ಚಿ ಹಿಡೀತು!"

"ಹುಚ್ಚು ಇಷ್ಟು ದಿನ ಹಿಡಿದಿತ್ತು, ಈಗ ಬಿಡ್ತು. ಅಳಾಕೆ ಬಿಡ್ರಿ," ಅಂದೆ.

ಮಧ್ಯಾಹ್ನ ಗಂಡನ ಅಣ್ಣ ಆಟೋ ತಂದಾಗ ಅವಳು ಮಗಳ ತೊಡೆಯ ಮೇಲೆ ತಲೆ ಇಟ್ಟು ಅಳುತ್ತಿದ್ದಳು. ಅವನನ್ನು ನೋಡಿ, "ಭಾವ, ನಿಮ್ಮ ತಮ್ಮ ಹೋಗ್ಬಿಟ್ರು," ಅಂದಳು. ಅವನು ಬಾಗಿಲಲ್ಲೇ ಕುಸಿದು ಕೂತು ತಾನೂ ಅತ್ತ. ಆಟೋ ಬಂದ ದಾರಿಗೆ ಹೋಯಿತು. ಸಂಜೆ ಅವಳು ತಾನೇ ಎದ್ದು ತಟ್ಟೆ ಹಾಕಿಕೊಂಡು ಅರ್ಧ ಮುದ್ದೆ ತಿಂದಳು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರಿಗೂ ತೋರಿಸಿದೆವು. ಗುಳಿಗೆ ಕೊಟ್ಟಿದ್ದಾರೆ, ತಿನ್ನುತ್ತಾಳೆ.

ಸೀಳು ಬಿದ್ದ ಸೀರೆಯನ್ನು ಅವಳೇ ಮಗ್ಗದಿಂದ ಕೊಯ್ದಳು. ಗುಂಡಿಯ ಮೇಲೆ ಹಲಗೆ ಮುಚ್ಚಿದ್ದಾಳೆ. ಈಗ ಪಕ್ಕದ ಬೀದಿಯಲ್ಲಿ ಬೇರೆಯವರ ಮಗ್ಗಕ್ಕೆ ಬಲಗಡೆ ಕೂರಲು ಹೋಗುತ್ತಾಳೆ.

ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಒಂದೊಂದು ಸಲ ಮಾತಿನ ನಡುವೆ ಆ ಕೆಮ್ಮು ಬರುತ್ತದೆ. ಮೂರು ಸಲ, ಆಮೇಲೊಂದು ಸಲ.

"ಯಾರೇ ಅದು ಕೆಮ್ಮಿದ್ದು?" ಎಂದು ಕೇಳುತ್ತೇನೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಆ ಹೊತ್ತಿನಲ್ಲಿ ನಾನು ಉಸಿರಾಡುವುದಿಲ್ಲ.

"ನಾನೇ ಕಣಕ್ಕ," ಅನ್ನುತ್ತಾಳೆ.