ಕುರ್ಚಿಯಲ್ಲಿ ಕೂರದವರು

ನಮ್ಮ ಸೋದರಮಾವ ಕ್ಷೌರಿಕ. ಊರಿನವರ ತಲೆ ಮಾವನ ಕೈಯಲ್ಲಿ, ಮಾವನ ತಲೆ ಅತ್ತೆಯ ಕೈಯಲ್ಲಿ. ಅಂಗಡಿಯ ಪಕ್ಕದ ಕೋಣೆಯಲ್ಲಿ ಅತ್ತೆಯ ಹೊಲಿಗೆ ಯಂತ್ರ. ನಡುವೆ ತೆಳ್ಳನೆಯ ಗೋಡೆ. ಭಾನುವಾರದ ನೂಕುನುಗ್ಗಲು ನೋಡಿ ಮಾವನಿಗೆ ಎರಡನೆಯ ಕುರ್ಚಿಯ ಆಸೆ ಹುಟ್ಟಿತು. ಗೋಡೆ ಒಡೆದರೆ ಕುರ್ಚಿಗೆ ಜಾಗ. ಯಂತ್ರ ಅಡುಗೆಮನೆಯ ಮೂಲೆಗೆ.

“ಮಿಕ್ಕ ದಿನ ನೊಣ ಹೊಡೀತೀರಿ. ಅಂಗಡಿ ಜನಕ್ಕೆ ಹಿಡಿಸಿದೆ ಅಂತ ಮೊದಲು ತೋರ್ಸಿ, ಆಮೇಲೆ ಗೋಡೆ ಮುಟ್ಟಿ,” ಎಂದರು ಅತ್ತೆ.

ಮಾವ ಬಂದವರನ್ನೆಲ್ಲ ಕೇಳತೊಡಗಿದರು. ಉತ್ತರವನ್ನು ಕನ್ನಡಿಯ ಮೇಲೆ ಸೋಪಿನಲ್ಲಿ ಗೀಚಿದರು: ಎಡಕ್ಕೆ ‘ಚೆನ್ನಾಗಿದೆ’, ಬಲಕ್ಕೆ ‘ಚೆನ್ನಾಗಿಲ್ಲ’. ವಾರ ಕಳೆಯುವಷ್ಟರಲ್ಲಿ ಗಿರಾಕಿಗಳು ಮುಖ ನೋಡಿಕೊಳ್ಳಲು ಬಲಭಾಗ ಮಾತ್ರ ಉಳಿದಿತ್ತು.

“ಯಾವಾಗ ಕೇಳಿದ್ರಿ?” ಎಂದರು ಅತ್ತೆ.

“ಗಡ್ಡ ಕೆರೆಯುವಾಗ. ಆಗ ತಾನೇ ಅಲ್ಲಾಡದೆ ಕೂತಿರೋದು?”

“ಕತ್ತಿನ ಮೇಲೆ ಕತ್ತಿ ಇಟ್ಟು ಹೇಗಿದೆ ಅಂದ್ರೆ, ಚೆನ್ನಾಗಿಲ್ಲ ಅನ್ನೋಕೆ ಅವರಿಗೇನು ಜೀವ ಭಾರವಾಗಿದ್ಯಾ?”

ಕನ್ನಡಿ ಒರೆಸಿಯಾಯಿತು. ಈ ಸಲ ಹೊರಡುವವರನ್ನು ಬಾಗಿಲಲ್ಲಿ ನಿಲ್ಲಿಸಿ, ಬರಿಗೈಯಲ್ಲಿ ಕೇಳಿದರು. ಆಗಲೂ ಹೊಗಳಿಕೆಯೇ. ಮಾವ ಅತ್ತೆಯ ಟೇಪನ್ನೇ ತಂದು ಗೋಡೆ ಅಳೆಯತೊಡಗಿದರು.

ಅತ್ತೆ ಟೇಪು ಕಿತ್ತುಕೊಂಡರು. “ಇವರೆಲ್ಲ ಇಷ್ಟವಾಗಿಯೇ ಬರೋರು. ಬರೋದು ಬಿಟ್ಟವರನ್ನ ಕೇಳಿದ್ರಾ?”

“ಬರದವರನ್ನ ಎಲ್ಲಿಂದ ಹಿಡ್ಕೊಂಡು ಬರ್ಲಿ?”

“ನೀವು ಮುಖ ಮರೆತರೂ ತಲೆ ಮರೆಯೋರಲ್ಲ. ಸಂಜೆ ಬಸ್‌ ಸ್ಟಾಪಿಗೆ ಹೋಗಿ, ಹಿಂದಿನಿಂದ ನೋಡಿ.”

ಮಾವ ಹೋದರು. ಸಾಲಿನಲ್ಲಿ ಎರಡು ಸುಳಿಯ ತಲೆಯೊಂದು ಕಂಡಿತು, ಹಿಂದೆ ಅಂಗಡಿಗೆ ಬರುತ್ತಿದ್ದ ಪ್ರಿಂಟಿಂಗ್ ಪ್ರೆಸ್ಸಿನವನದು. ಕತ್ತರಿಸಿದ ಕೈ ಮಾತ್ರ ಬೇರೆಯವರದು. ಭುಜ ಮುಟ್ಟಿದರೆ ಪ್ರೆಸ್ಸಿನವನು ಕದ್ದು ಸಿಕ್ಕಿಬಿದ್ದವನಂತೆ ಬೆಚ್ಚಿದ.

“ನನ್ನ ಕೈ ಸರಿಹೋಗ್ಲಿಲ್ವೇನಪ್ಪಾ?”

“ಕೈಗೇನು ಕಮ್ಮಿ ಇಲ್ಲಣ್ಣ. ನಾನು ಕೆಲಸ ಬಿಡೋ ಹೊತ್ತಿಗೆ ನೀವು ಬಾಗಿಲು ಹಾಕಿರ್ತೀರಿ. ಭಾನುವಾರ ಬಂದ್ರೆ ಜಾತ್ರೆ.”

ಮುಂದಿನ ತಲೆಯದೂ ಇದೇ ದೂರು, ಅದರ ಮುಂದಿನದೂ ಇದೇ. ಬ್ಯಾಂಕಿನ ಗುಮಾಸ್ತರೊಬ್ಬರು ಮಾತ್ರ, “ನೀವು ಮಾತು ಜಾಸ್ತಿ,” ಎಂದರಂತೆ. ಬಸ್ಸಿನ ಸದ್ದಿಗೆ ಅದು ಸರಿಯಾಗಿ ಕೇಳಿಸಲಿಲ್ಲವೆಂದು ಮಾವ ಅತ್ತೆಗೆ ವರದಿ ಒಪ್ಪಿಸಿದರು.

ಮರುದಿನದಿಂದ ಅಂಗಡಿಯ ದೀಪ ಸಂಜೆ ಹೊತ್ತೂ ಉರಿಯತೊಡಗಿತು. ಪ್ರೆಸ್ಸಿನವನು ಬಂದ, ಅವನ ಹಿಂದೆ ಉಳಿದವರು. ಭಾನುವಾರದ ನೂಕಾಟ ವಾರಕ್ಕೆಲ್ಲ ಹಂಚಿಹೋಗಿ, ಇದ್ದೊಂದು ಕುರ್ಚಿಯೇ ಸಾಕಾಯಿತು. ಗೋಡೆ ಉಳಿಯಿತು. ಅಂಗಡಿಯ ಬೆಂಚು ತುಂಬಿದಾಗ ಕಾಯುವವರು ಅತ್ತೆಯ ಕೋಣೆಯಲ್ಲಿ ಕೂತರು. ಸುಮ್ಮನೆ ಕೂತವರಿಗೆ ತಮ್ಮ ಹರಿದ ಜೇಬು, ಬಿದ್ದ ಗುಂಡಿ ಕಾಣತೊಡಗಿದವು. ಈಗ ಮಾವ ಗುನುಗುತ್ತಾ ಕತ್ತರಿಸಿದರೆ, ಅತ್ತೆಯ ಯಂತ್ರ ತಾಳ ಹಾಕುತ್ತದೆ.

ಮೊನ್ನೆ ಅತ್ತೆ ಈಚೆ ಬಂದು, “ರೀ, ನನಗೇ ಜಾಗ ಸಾಲ್ತಿಲ್ಲ. ಆ ಗೋಡೆ ಒಡೆದು ಸ್ವಲ್ಪ ನಿಮ್ಮ ಕಡೆ ಬರ್ಲಾ? ಎಲ್ಲರೂ ಸೈ ಅಂದಿದ್ದಾರೆ,” ಎಂದರು.

“ಎಲ್ಲರೂ ಅಂದ್ರೆ ಯಾರು?”

“ನನ್ನ ಹತ್ರ ಗುಂಡಿ ಹಾಕಿಸ್ಕೊಂಡವರು.”

ಮಾವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. “ಹಾಕಿಸ್ಕೊಳ್ಳದವರನ್ನ ಕೇಳ್ಕೊಂಡು ಬಾ,” ಎಂದರು.