ಕೊನೆಯದಲ್ಲದ ಹಾಡು

“ರಾಜಿಯಾಗೋ ಹಾಡು ಕೊನೇದಲ್ಲ ಸಾರ್. ಅದು ಎ ಸೈಡ್‌ದು. ಬಿ ಸೈಡಲ್ಲಿ ಅಣ್ಣ ತಮ್ಮ ಮತ್ತೆ ಬೇರೆಯಾಗ್ತಾರೆ.”

ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತ ಹೀಗೆಂದವರು, ನಾನು ಕಾಲೇಜಿನಲ್ಲಿದ್ದಾಗ ಬಂದ ಒಂದು ಕನ್ನಡ ರಾಕ್ ಆಲ್ಬಮ್ಮಿನ ಗಾಯಕರು. ಜಗಳವಾಡಿದ ಅಣ್ಣತಮ್ಮಂದಿರು ಕೊನೆಗೆ ಒಂದಾಗುವುದೇ ಅದರ ಸಂದೇಶವೆಂದು ನಾನು ಪ್ರಬಂಧ ಬರೆದಿದ್ದೆ. ಮರುದಿನವೇ ಅದನ್ನು ವಿಚಾರಸಂಕಿರಣದಲ್ಲಿ ಓದಬೇಕಿತ್ತು. ನಾನು ಕೇಳಿದ್ದು ಚಾಮರಾಜಪೇಟೆಯ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡ ಕ್ಯಾಸೆಟ್. ಅಂಗಡಿಯವನು ಬಿ ಸೈಡನ್ನೇ ಮೊದಲು ತುಂಬಿಸಿದ್ದನೆಂದು ಈಗ ಹೊಳೆಯಿತು.

“ಹಾಗಾದ್ರೆ ಕೊನೇಲಿ ಯಾರೂ ವಾಪಸ್ ಬರಲ್ವಾ?” ಎಂದೆ.

“ಇಲ್ಲ. ಯಾಕಿಷ್ಟು ಗಾಬರಿ? ಹಾಡು ತಾನೆ, ನಿಮ್ಮನೆ ಆಸ್ತಿ ಪಾಲಲ್ವಲ್ಲ,” ಎಂದು ನಕ್ಕರು.

ಪ್ರಬಂಧವನ್ನೇನೋ ಆ ಮಧ್ಯಾಹ್ನವೇ ತಿದ್ದಿದೆ. ಆದರೆ ಆ ರಾಜಿಯ ಹಾಡು ಕೇಳಿಯೇ, ಮಾತು ಬಿಟ್ಟಿದ್ದ ಅಣ್ಣನ ಮನೆಗೆ ನಾನಾಗಿ ಹೋದೆನೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ಅದರ ಮೇಲೂ ಅನುಮಾನ ಹುಟ್ಟಿ, ಹನುಮಂತನಗರದಲ್ಲಿರುವ ಅಣ್ಣನಿಗೆ ಫೋನ್ ಮಾಡಿ ಕೇಳಿದೆ. “ಬಂದಿದ್ದು ನಾನು ಕಣೋ,” ಎಂದ. “ನೀನು ಬಾಗಿಲು ತೆಗೆದೆ, ಅಷ್ಟೆ.”